ಮೂರು ಮದಗಗಳ ಟೀಚರ್

ನಮ್ಮ ಸ್ಟಾಫ್‌ರೂಮಿನಲ್ಲಿ ಎಡ, ಬಲ ಎಂಬ ಎರಡು ಶಬ್ದಗಳನ್ನು ಇಡೀ ಸೇವಾವಧಿಯಲ್ಲಿ ಒಮ್ಮೆಯೂ ಬಳಸದ ಒಬ್ಬರಿದ್ದರು. ನಮ್ಮ ಸಮಾಜ ಪಾಠದ ಟೀಚರ್. "ಮಾಷ್ಟ್ರೇ, ಆ ಡಸ್ಟರ್ ಸ್ವಲ್ಪ ತೆಂಕಿಗೆ ಸರಿಸಿ" ಎನ್ನುವರು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ, "ಮೂಡು ಬದಿಯ ಡಬ್ಬಿಯಲ್ಲಿ ಉಪ್ಪಿನಕಾಯಿ ಉಂಟು, ತೆಗೊಳ್ಳಿ" ಎನ್ನುವರು. ದಿಕ್ಕು ಹೇಳುವ ಚಟ ಕರಾವಳಿಯವರಿಗೆಲ್ಲ ಇರುವುದೇ. ಮನೆ ಎಲ್ಲಿ ಎಂದು ಕೇಳಿದರೆ ನಾವೂ ರಸ್ತೆಯ ಬಡಗು ಬದಿಗೆ ಎಂದೇ ಹೇಳುತ್ತೇವೆ. ಆದರೆ ಮಣಿಪಾಲದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿ, "ಪಡು ಬದಿಯ ಮೇಲಿನ ದವಡೆ" ಎಂದು ನೋವಿನ ಜಾಗ ಹೇಳಿದವರು ಇವರೊಬ್ಬರೇ ಇರಬೇಕು. ಡಾಕ್ಟರು ಘಟ್ಟದ ಮೇಲಿನವರು. ಪಾಪ, ಕಿಟಕಿಯ ಹತ್ತಿರ ಹೋಗಿ ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿಕೊಂಡು ಬಂದು ಹಲ್ಲು ಹುಡುಕಿದರಂತೆ.

ಈ ಟೀಚರ್ ಕಳೆದ ಆಟಿ ತಿಂಗಳಲ್ಲಿ ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಕಾರ್ಕಳದಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ನೆತ್ತಿಯ ಮೇಲಿದ್ದ ನಮ್ಮ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರಿಗೂ ಅವರು ಭೂಗೋಳ ಟೀಚರ್. ನಾನು ಅದೇ ಶಾಲೆಯ ಕನ್ನಡ ಮಾಷ್ಟ್ರು. ಸ್ಟಾಫ್‌ರೂಮಿನಲ್ಲಿ ನಮ್ಮಿಬ್ಬರ ಮೇಜು ಎದುರುಬದುರು. ಅವರ ಭಾಷೆಯಲ್ಲಿ ಹೇಳುವುದಾದರೆ ನಾನು ಅವರ ಬಡಗಿಗೆ.

ಸಮಾಜ ಪಾಠವೆಂದರೆ ಇತಿಹಾಸವೂ ಉಂಟು, ಪೌರನೀತಿಯೂ ಉಂಟು. ನಮ್ಮ ಟೀಚರಿಗೆ ಅವೆಲ್ಲ ಸವತಿಯ ಮಕ್ಕಳು. ಮೊಗಲರು ಒಂದು ಪೀರಿಯಡ್ಡಿನಲ್ಲಿ ಬಂದು ಇನ್ನೊಂದರಲ್ಲಿ ಹೋಗಿಬಿಡುತ್ತಿದ್ದರು. ಉಳಿದ ವರ್ಷವೆಲ್ಲ ನದಿ, ಗುಡ್ಡ, ಮಳೆ. ಅದರಲ್ಲೂ ಗಂಗೆ, ಗೋದಾವರಿಗಳಿಗೆ ಒಂದು ವಾರ ಕೊಟ್ಟರೆ ನಮ್ಮ ಶಾಲೆಯ ಹಿಂದಿನ ಮೂರು ಮದಗಗಳಿಗೆ ಒಂದು ತಿಂಗಳು. ಇನ್‌ಸ್ಪೆಕ್ಟರು ಬಂದು, "ಪಠ್ಯದಲ್ಲಿ ಈ ಕೆರೆಗಳು ಎಲ್ಲಿವೆ?" ಎಂದು ಕೇಳಿದಾಗ ಟೀಚರ್ ಅವರನ್ನು ಜಗಲಿಗೆ ಕರೆದುಕೊಂಡು ಹೋಗಿ ಛತ್ರಿಯಿಂದ ತೋರಿಸಿ, "ಅಲ್ಲಿ ಉಂಟು ಸರ್" ಎಂದರು. 

ಟೀಚರ್ ಎರ್ಮಾಳಿನವರು. ಅಪ್ಪ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದರು. ಅಕ್ಕ ಕಾಪು ಮಾರ್ಕೆಟ್ಟಿನಲ್ಲಿ ಮೀನು ಮಾರಿ ತಂಗಿಯನ್ನು ಓದಿಸಿದವರು. ಕೆಲಸಕ್ಕೆ ಸೇರಿದ ದಿನ ನಮ್ಮ ಹೆಡ್‌ಮಾಸ್ಟರು ತಮಾಷೆಗೆ, "ಕಡಲ ಬದಿಯವರಿಗೆ ಈ ಗುಡ್ಡದಲ್ಲಿ ಎಂತ ಕೆಲಸ? ಇಲ್ಲಿ ಬಂಗುಡೆ ಸಿಕ್ಕುದಿಲ್ಲ" ಎಂದರು. ಟೀಚರ್ ನಗಲಿಲ್ಲ. "ಸರ್, ಬೇಸಗೆಯಲ್ಲಿ ನಮ್ಮ ಬಾವಿಯ ನೀರು ಉಪ್ಪಾಗ್ತದೆ. ಅಕ್ಕ ಕೊಡಪಾನ ಹೊತ್ತುಕೊಂಡು ರಸ್ತೆ ದಾಟಿ ಮೂಡು ಬದಿಯ ಮನೆಗಳಿಂದ ಸಿಹಿನೀರು ತರ್ತಿದ್ರು. ಈ ಸಿಹಿನೀರು ಎಲ್ಲಿ ತಡೆದು ನಿಂತಿದೆ, ಹೇಗೆ ಇಳಿದು ಬರ್ತದೆ ಅಂತ ನೋಡ್ಬೇಕೂಂತ ಚಿಕ್ಕಂದಿನಿಂದ ಆಸೆ ಉಂಟು" ಎಂದರು. ಇಷ್ಟು ನೇರವಾದ ಉತ್ತರವನ್ನು ಆ ಕೋಣೆ ಅದುವರೆಗೆ ಕೇಳಿರಲಿಲ್ಲ. ಹೆಡ್‌ಮಾಸ್ಟರು ಚಹಾ ತರಿಸಿದರು.

ಆ ಮೂರು ಮದಗಗಳ ಬಗ್ಗೆ ಸ್ವಲ್ಪ ಹೇಳಬೇಕು. ಗುಡ್ಡದ ಮೇಲಿನ ಕೆರೆಗೆ ನಮ್ಮ ಕಡೆ ಮದಗ ಎನ್ನುತ್ತಾರೆ. ಮೂಡು ಬದಿಯಲ್ಲಿ ದೊಡ್ಡಮದಗ. ಅದರ ಬೆನ್ನಿಗೆ ಕಾಡು ತುಂಬಿದ ಗುಡ್ಡ. ಮಳೆ ಬಿದ್ದರೆ ಆ ಗುಡ್ಡ ನೀರನ್ನು ಕೂಡಲೇ ಬಿಟ್ಟುಕೊಡುವುದಿಲ್ಲ, ಕುಡಿದಿಟ್ಟುಕೊಂಡು ನಿಧಾನವಾಗಿ ಒಸರುತ್ತದೆ. ಪಡು ಬದಿಯಲ್ಲಿ ಸಣ್ಣಮದಗ. ಅದರ ಸುತ್ತ ಬರೀ ಮುರಕಲ್ಲಿನ ಪಾರೆ, ಅಂದರೆ ಬೋಳು ಹಾಸುಬಂಡೆ, ಹುಲ್ಲು ಕೂಡ ಯೋಚಿಸಿ ಹುಟ್ಟುವಂಥ ಜಾಗ. ಅಲ್ಲಿ ಬಿದ್ದ ಮಳೆ ನಿಂತ ಕಾಲಲ್ಲಿ ಜಾರಿ ಮದಗಕ್ಕೆ ಬೀಳುತ್ತದೆ. ಎರಡರ ನಡುವೆ ಒಂದು ಕಾಲುವೆ, ಅದರ ಮೇಲೆ ದಾಟಲು ಅಡಿಕೆ ಮರದ ಸಂಕ. ಸಣ್ಣಮದಗ ಕೋಡಿ ಹರಿದರೆ ಆ ನೀರು ತೋಡೆಂಬ ಸಣ್ಣ ಹಳ್ಳಕ್ಕೆ ಇಳಿದು ಕೆಳಮದಗಕ್ಕೆ ಸೇರುತ್ತದೆ. ಅಲ್ಲಿಂದ ಗುಡ್ಡದ ಕೆಳಗಿನ ಬೈಲಿನ ಗದ್ದೆಗಳ ನಡುವೆ ಹಾದು, ಹೊಳೆ ಸೇರಿ, ಕೊನೆಗೆ ಕಡಲಿಗೆ. ಇಷ್ಟೇ ಕತೆ. ಟೀಚರ್ ಇದ್ದಿದ್ದರೆ ಇದನ್ನು ಹೇಳಲು ಸಂಜೆಯವರೆಗೆ ಸಮಯ ಕೇಳುತ್ತಿದ್ದರು.

ಪ್ರತಿ ಜೂನಿನಲ್ಲಿ ಮಳೆ ಗಟ್ಟಿ ಹಿಡಿದ ಮೊದಲ ವಾರ ಒಂಬತ್ತನೇ ತರಗತಿಯನ್ನು ಸಂಕದ ಹತ್ತಿರ ಕರೆದುಕೊಂಡು ಹೋಗುವುದು ಅವರ ವ್ರತ. ನೀರು ಯಾವ ಕಡೆಗೆ ಹರಿಯುತ್ತದೆಂದು ತೋರಿಸಲು ಏನಾದರೂ ತೇಲಿಸಬೇಕಲ್ಲ? ಉಮಿ ಬೇಕಿತ್ತು, ಅಕ್ಕಿ ಮಿಲ್ಲು ಮುಚ್ಚಿತ್ತು. ಮೊದಲ ವರ್ಷ ಹೊದಲು, ಅಂದರೆ ಭತ್ತದ ಅರಳು, ತಂದರು. ಅರ್ಧ ಹೊದಲನ್ನು ಮಕ್ಕಳು ತಿಂದರು, ಉಳಿದರ್ಧವನ್ನು ಮೀನುಗಳು ತಿಂದವು. ಕೊನೆಗೆ ಹೊದಲು ಕಟ್ಟಿ ತಂದ ಕಾಗದವನ್ನೇ ದೋಣಿ ಮಾಡಿ ಬಿಟ್ಟರು. ಅದು ಸಣ್ಣಮದಗದಿಂದ ಹೊರಟು ದೊಡ್ಡಮದಗದ ಕಡೆಗೆ, ಅಂದರೆ ಪಡುವಿನಿಂದ ಮೂಡಕ್ಕೆ, ನೆಟ್ಟಗೆ ಹೋಯಿತು. ಟೀಚರಿಗೆ ಆದ ಸಂತೋಷವನ್ನು ಏನು ಹೇಳಲಿ! ಈ ಜಿಲ್ಲೆಯ ನೀರೆಲ್ಲ ಕಡಲ ಕಡೆಗೆ ಓಡುವಾಗ ಈ ಒಂದು ಕಾಲುವೆ ಮಾತ್ರ ಕಡಲಿಗೆ ಬೆನ್ನು ಹಾಕಿ ಘಟ್ಟದ ಕಡೆಗೆ ಹೋಗುತ್ತದೆ! ಶಾಲೆಯ ಹೊರಗೋಡೆಯ ಮೇಲೆ ಮೂರು ಮದಗಗಳ ದೊಡ್ಡ ನಕ್ಷೆ ಬರೆಸಿದರು. ನಡುವಿನ ಕಾಲುವೆಯ ಮೇಲೆ ಮೂಡಕ್ಕೆ ಮುಖ ಮಾಡಿದ ಒಂದು ಕೆಂಪು ಬಾಣವನ್ನು ತಾವೇ ಏಣಿ ಹತ್ತಿ ಬರೆದರು. ಪೇಪರಿನವರು ಬಂದು ಫೋಟೋ ತೆಗೆದುಕೊಂಡು ಹೋದರು.

ಹಾಗಾದರೆ ದೊಡ್ಡಮದಗಕ್ಕೆ ಹೋದ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದ್ದುಂಟು. ಆ ಮದಗಕ್ಕೆ ಬೇರೆ ಕೋಡಿಯೇ ಇರಲಿಲ್ಲ.

"ಅದು ಒಳಗಿಂದ ಹೋಗ್ತದೆ ಮಾಷ್ಟ್ರೇ."

"ಎಲ್ಲಿಗೆ?"

"ಒಳಗಿಂದಾಂತ ಹೇಳಿದ್ನಲ್ವಾ? ಒಳಗೆ ನೋಡ್ಲಿಕ್ಕೆ ನಿಮಗೂ ಆಗುದಿಲ್ಲ, ನನಗೂ ಆಗುದಿಲ್ಲ."

ಅಂದಿನಿಂದ ನಮ್ಮ ಶಾಲೆಯಲ್ಲಿ ಲೆಕ್ಕಕ್ಕೆ ಸಿಗದ್ದೆಲ್ಲ ಒಳಗಿಂದ ಹೋಗತೊಡಗಿತು. ಡ್ರಿಲ್ ಮಾಷ್ಟ್ರ ವಿಸಿಲ್ಲು ಕಳೆದುಹೋದರೆ ಒಳಗಿಂದ ಹೋಯಿತು. ನನ್ನ ಬುತ್ತಿಯ ಪತ್ರೊಡೆ ಖಾಲಿಯಾದರೆ ಅದೂ ಒಳಗಿಂದಲೇ. ಟೀಚರ್ ಬೇಸರಿಸುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಒಂದು ಸುಖ ಇದು, ಬೇರೆಯವರು ನಕ್ಕರೆ ಅವರಿಗೆ ತಟ್ಟುವುದಿಲ್ಲ.

ಹಾಗೆಂದು ಅವರ ಕಣ್ಣು ಸುಳ್ಳಲ್ಲ. ಒಮ್ಮೆ ನಮ್ಮ ಶಾಲೆಯ ಇಂಗ್ಲಿಷ್ ಮಾಷ್ಟ್ರ ತಮ್ಮನ ಮದುವೆಯ ಮುನ್ನಾದಿನದ ರೋಸಿಗೆ ಎಲ್ಲರೂ ಶಿರ್ವಕ್ಕೆ ಹೋಗಿದ್ದೆವು. ತಮ್ಮ ಕುವೈತಿನಲ್ಲಿದ್ದು ಬಂದು ಹೊಸ ಮನೆ ಕಟ್ಟಿದ್ದರು. ಅಂಗಳಕ್ಕೆ ಇಂಟರ್‌ಲಾಕ್, ನಡುವೆ ಕಾರಂಜಿ. ನಾವೆಲ್ಲ ಮದುಮಗನ ತಲೆಗೆ ತೆಂಗಿನ ಹಾಲು ಸುರಿಯುವುದನ್ನು ನೋಡುತ್ತ ನಿಂತಿದ್ದರೆ ಟೀಚರ್ ಮೂಲೆಯಲ್ಲಿ ಇಂಟರ್‌ಲಾಕಿನ ಸಂದಿಗೆ ಛತ್ರಿಯ ಮೊನೆ ಚುಚ್ಚುತ್ತಿದ್ದರು.

"ಟೀಚರ್, ಎಂತ ಹುಡುಕುದು? ಬಂಗಾರ ಬಿತ್ತಾ?" ಎಂದು ಮನೆಯ ಯಜಮಾನರು, ಮದುಮಗನ ಅಪ್ಪ, ಗಾಬರಿಯಿಂದ ಕೇಳಿದರು.

"ಬಂಗಾರ ಅಲ್ಲ. ಇಲ್ಲಿ ಒಂದು ತೋಡು ಇತ್ತಲ್ವಾ, ಅದು ಎಲ್ಲಿಗೆ ಹೋಯ್ತು?"

ಯಜಮಾನರು ನಕ್ಕು ಕೋಲ್ಡ್ ಡ್ರಿಂಕ್ ಕೊಟ್ಟರು. ಮುಂದಿನ ಜುಲೈಯಲ್ಲಿ ತೋಡೇ ಖುದ್ದಾಗಿ ಬಂದು ಅವರ ಹಾಲಿನಲ್ಲಿ ಸೋಫಾದವರೆಗೆ ನಿಂತಿತು. ಆಮೇಲೆ ಆ ಮನೆಯವರು ಎಲ್ಲಿ ಸಿಕ್ಕರೂ ಟೀಚರಿಗೆ ಕೈ ಮುಗಿಯುತ್ತಿದ್ದರು. "ನೀರು ಯಾರ ಮುಲಾಜೂ ನೋಡುದಿಲ್ಲ" ಎಂಬ ಮಾತನ್ನು ಟೀಚರ್ ಆಗ ಬಹಳ ಹೇಳುತ್ತಿದ್ದರು, ಸ್ವಲ್ಪ ಗತ್ತಿನಿಂದಲೇ.

ಟೀಚರ್ ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ, ನನ್ನ ಹೆಂಡತಿಗಿತ್ತು. "ಬಂದವರ ಹತ್ತಿರ ನಿಮ್ಮ ಮನೆಯ ತೋಡು ಯಾವ ಹೊಳೆಗೆ ಸೇರ್ತದೇಂತ ಕೇಳಿದೆ. ಒಬ್ಬನಿಗೂ ಗೊತ್ತಿರ್ಲಿಲ್ಲ" ಎಂದರಂತೆ. ನಿವೃತ್ತಿಯಾದ ಮೇಲೆ ಎರ್ಮಾಳಿಗೆ ಹೋಗಿ ಅಕ್ಕನ ಜೊತೆ ಇದ್ದರು. ಆ ವರ್ಷ ಚೌತಿ ಕಳೆದು ಒಂದು ದಿನ, ಅಕ್ಕ ಕೊಟ್ಟ ಅಂಜಲ್ ಮೀನಿನ ಪೊಟ್ಟಣದೊಂದಿಗೆ ನಮ್ಮಲ್ಲಿಗೆ ಬಂದರು. ಊಟ ಮುಗಿಯುತ್ತಲೇ, "ಮಾಷ್ಟ್ರೇ, ಸ್ಕೂಟರ್ ತೆಗೀರಿ. ಮದಗ ನೋಡದೆ ಎಷ್ಟು ದಿನ ಆಯ್ತು" ಎಂದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಇಷ್ಟು ವರ್ಷಗಳಲ್ಲಿ ಟೀಚರ್ ಆ ಕಾಲುವೆಯನ್ನು ನೋಡಿದ್ದೆಲ್ಲ ಜೂನಿನಲ್ಲಿ. ಜುಲೈ ಬಂದರೆ ಕಿರುಪರೀಕ್ಷೆ. ಆಗಸ್ಟಿನಲ್ಲಿ ಪ್ರತಿಭಾ ಕಾರಂಜಿ, ಕ್ರೀಡಾಕೂಟ. ಸೆಪ್ಟೆಂಬರಿನಲ್ಲಿ ಮಧ್ಯಾವಧಿ ಪರೀಕ್ಷೆ, ಪೇಪರ್ ತಿದ್ದುವುದು. ದಸರಾ ರಜೆಗೆ ಎರ್ಮಾಳು. ಮತ್ತೆ ಬಿಡುವು ಸಿಗುವಾಗ ಮಾರ್ಚ್, ಕಾಲುವೆ ಒಣಗಿರುತ್ತಿತ್ತು. ಮೇಷ್ಟ್ರುಗಳು ಲೋಕವನ್ನು ನೋಡುವುದು ಟೈಮ್‌ಟೇಬಲ್ಲಿನ ಕಿಟಕಿಯಿಂದಲೇ.

ಸಂಕದ ಮೇಲೆ ಪಾಚಿ ಕಟ್ಟಿತ್ತು. ಟೀಚರ್ ದಾಟುವಾಗ ಕಾಲು ಜಾರಿತು. ಬೀಳಲಿಲ್ಲ, ಆದರೆ ಒಂದು ಚಪ್ಪಲಿ ಕಾಲುವೆಗೆ ಬಿತ್ತು. ನಾನು ಬಗ್ಗಿ ತೆಗೆಯಲು ಹೋದರೆ, "ನೀವು ಸುಮ್ನೆ ಇರಿ. ಅದು ಹೇಗೂ ದೊಡ್ಡಮದಗದ ಬಾಯಿಗೇ ಬರ್ತದೆ" ಎಂದು ಅವಸರವಸರವಾಗಿ ಕಾಲುವೆಯ ಮೂಡು ತುದಿಗೆ ಹೋದರು. ಛತ್ರಿಯನ್ನು ತಲೆಕೆಳಗು ಹಿಡಿದು, ಅದರ ಹಿಡಿಯ ಕೊಕ್ಕೆಯನ್ನು ನೀರಿಗೆ ಚಾಚಿ, ಗಾಳ ಹಾಕಿದವರಂತೆ ಕುಕ್ಕರುಗಾಲಲ್ಲಿ ಕೂತರು. ಚಪ್ಪಲಿ ಒಂದು ಸುತ್ತು ತಿರುಗಿತು, ಸ್ವಲ್ಪ ಯೋಚಿಸಿತು, ಆಮೇಲೆ ಟೀಚರಿಗೆ ಬೆನ್ನು ಹಾಕಿ ಸಣ್ಣಮದಗದ ಕಡೆಗೆ ಹೊರಟಿತು.

"ಟೀಚರ್, ಚಪ್ಪಲಿ ಪಡುವಿಗೆ ಹೋಗ್ತಾ ಉಂಟು" ಎಂದೆ.

"ಗಾಳಿ ಮಾರಾಯ್ರೇ."

ಮರದ ಎಲೆ ಅಲುಗುತ್ತಿರಲಿಲ್ಲ. ನಾನು ಹಾಗೆ ಹೇಳಲಿಲ್ಲ, ನಕ್ಕೆ. ಟೀಚರ್ ಎದ್ದು ಬಂದು ನೋಡಿದರು. ಸಂಕದ ಮೇಲೆ ನಿಂತು, ಕಾಲಲ್ಲಿ ಉಳಿದಿದ್ದ ಇನ್ನೊಂದು ಚಪ್ಪಲಿಯನ್ನೂ ತೆಗೆದು ಕಾಲುವೆಯ ನಡುಮಧ್ಯಕ್ಕೆ ಮೆಲ್ಲಗೆ ಬಿಟ್ಟರು. ಅದೂ ಮೊದಲನೆಯದರ ಹಿಂದೆಯೇ ಹೋಯಿತು. ಎರಡೂ ಸಣ್ಣಮದಗದ ತಾವರೆ ಎಲೆಗಳ ನಡುವೆ ಸೇರಿಕೊಂಡವು.

ಬರಿಗಾಲಲ್ಲಿ ಸ್ಕೂಟರಿನ ಹಿಂದೆ ಕೂತ ಟೀಚರ್ ಬೆಳ್ಮಣ್ಣಿನವರೆಗೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರು. ಅಲ್ಲಿ ಚಪ್ಪಲಿ ಅಂಗಡಿಯ ಮುಂದೆ ನಿಲ್ಲಿಸಿದಾಗ, "ಮಾಷ್ಟ್ರೇ, ಆ ಬಾಣ ಬರೆಯುವಾಗ ನನ್ನ ತಲೆಗೂದಲು ಪೂರಾ ಕಪ್ಪಿತ್ತಲ್ವಾ?" ಎಂದು ಕೇಳಿದರು. ನಾನು ಹೌದೆಂದೆ. ನಗು ತಡೆಯಲು ಕಷ್ಟವಾಗುತ್ತಿತ್ತು. ಆದರೆ ಅವರ ಮುಖ ನೋಡಿದ ಮೇಲೆ ನಿಂತಿತು.

ಆಮೇಲೆ ಒಂದು ವರ್ಷ ಟೀಚರ್ ಮತ್ತೆ ಮತ್ತೆ ಬಸ್ಸು ಹತ್ತಿ ಬಂದರು. ಮಳೆಗಾಲದ ಮೊದಲಿಗೆ ಪಾರೆಯ ನೀರು ಕುಡಿದು ಸಣ್ಣಮದಗ ಬೇಗ ತುಂಬುತ್ತದೆ, ಕಾಲುವೆಯ ನೀರು ಮೂಡಕ್ಕೆ ಹೋಗುತ್ತದೆ. ಮಳೆ ಕಡಿಮೆಯಾದ ಮೇಲೆ ಕಾಡುಗುಡ್ಡದ ಒಸರಿನಿಂದ ದೊಡ್ಡಮದಗ ಏರುತ್ತದೆ, ಆಗ ಅದೇ ಕಾಲುವೆಯ ನೀರು ತಿರುಗಿ ಪಡುವಿಗೆ ಬರುತ್ತದೆ. ಚೌತಿಯಿಂದ ಶಿವರಾತ್ರಿಯವರೆಗೆ ಸಣ್ಣಮದಗದ ಕೋಡಿ ಹರಿಯುವುದು, ಕೆಳಮದಗ ತುಂಬುವುದು, ಬೈಲಿನವರು ಎರಡನೇ ಬೆಳೆಯಾದ ಸುಗ್ಗಿ ತೆಗೆಯುವುದು ಎಲ್ಲ ಹೀಗೆ ವಾಪಸು ಬಂದ ನೀರಿನಿಂದ. ಒಳಗಿಂದ ಏನೂ ಹೋಗುತ್ತಿರಲಿಲ್ಲ. ಇದನ್ನು ಅವರು ನನಗೆ ಫೋನಿನಲ್ಲಿ ಹೇಳಿದರು. ಹೇಳಿ, "ಒಳಗಿಂದ ಅಂತ ನಗಾಡ್ಬೇಡಿ ಇನ್ನು" ಎಂದೂ ಸೇರಿಸಿದರು.

ಇಷ್ಟಕ್ಕೆ ಮುಗಿದಿದ್ದರೆ ಇದು ನಾವಿಬ್ಬರೇ ನಗುವ ವಿಷಯವಾಗಿ ಉಳಿಯುತ್ತಿತ್ತು. ಆದರೆ ಆ ಹೊತ್ತಿಗೆ ಮದಗಗಳ ಅಭಿವೃದ್ಧಿ ಎಂಬುದು ಬಂತು. ಸುತ್ತ ನಡೆದಾಡಲು ದಾರಿ, ಕೂರಲು ಬೆಂಚು, ದೊಡ್ಡಮದಗದಲ್ಲಿ ವರ್ಷವಿಡೀ ದೋಣಿವಿಹಾರ. ವರ್ಷವಿಡೀ ದೋಣಿ ತೇಲಬೇಕಾದರೆ ದೊಡ್ಡಮದಗಕ್ಕೆ ಬಂದ ನೀರು ಹೊರಗೆ ಹೋಗಬಾರದು. ಅದಕ್ಕೆ ಕಾಲುವೆಯಲ್ಲಿ ಒಂದು ಕಬ್ಬಿಣದ ಬಾಗಿಲು, ಮೂಡಕ್ಕೆ ಮಾತ್ರ ತೆರೆಯುವಂಥದ್ದು. ನೀರು ಒಳಗೆ ತಳ್ಳಿದರೆ ತೆರೆಯುತ್ತದೆ, ವಾಪಸು ಬರಲು ನೋಡಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾಗಿಲು ಹಾಕಿದರೆ ಕೆಳಗಿನವರಿಗೆ ಏನೂ ನಷ್ಟವಿಲ್ಲ ಎಂಬುದಕ್ಕೆ ಇಂಜಿನಿಯರು ಆಧಾರವಾಗಿ ಇಟ್ಟುಕೊಂಡದ್ದು ಶಾಲೆಯ ಗೋಡೆಯ ಮೇಲಿದ್ದ ಕೆಂಪು ಬಾಣವನ್ನು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದರು. ಆ ಬಾಗಿಲು ಕೂತರೆ ಚೌತಿಯ ನಂತರ ಬೈಲಿಗೆ ಒಂದು ತಂಬಿಗೆ ನೀರೂ ಇಳಿಯುವುದಿಲ್ಲ. ಸುಗ್ಗಿ ಇಲ್ಲ, ಬಾವಿಗೆ ಒರತೆ ಇಲ್ಲ.

ಕೆಲಸದ ಶುರುವಿಗೆ ಒಂದು ಸಭೆ, ಅದರಲ್ಲಿ ಟೀಚರಿಗೆ ಸನ್ಮಾನ. ಅವರು ಒಪ್ಪಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಸನ್ಮಾನವೆಂದರೆ ಅವರಿಗೆ ಆಗುತ್ತಿರಲಿಲ್ಲ. "ಮೈಕ್ ಕೊಡ್ತಾರಲ್ಲ, ಅದಕ್ಕೆ ಹೋಗುದು" ಎಂದರು.

ಸಭೆ ನಮ್ಮ ಶಾಲೆಯ ಅಂಗಳದಲ್ಲಿ, ಆ ನಕ್ಷೆಯ ಗೋಡೆಯ ಮುಂದೆಯೇ. ಬೈಲಿನವರೆಲ್ಲ ಬಂದಿದ್ದರು. ಶಾಲು, ಹಣ್ಣಿನ ಬುಟ್ಟಿ, ಫಲಕ ಆಯಿತು. ಟೀಚರ್ ಮೈಕಿನ ಮುಂದೆ ನಿಂತು ಪೀಠಿಕೆಯೇ ಇಲ್ಲದೆ ಶುರು ಮಾಡಿದರು.

"ನಮಸ್ಕಾರ. ನನ್ನ ಬೆನ್ನ ಹಿಂದೆ ಇರುವ ಬಾಣ ತಪ್ಪು. ಬರೆದವಳು ನಾನೇ. ಚೌತಿ ಕಳೆದ ಮೇಲೆ ನೀರು ದೊಡ್ಡಮದಗದಿಂದ ಸಣ್ಣಮದಗಕ್ಕೆ ಬರ್ತದೆ. ಅಲ್ಲಿ ಬಾಗಿಲು ಹಾಕಿದ್ರೆ ಕೆಳಗಿನ ಬೈಲು ಒಣಗ್ತದೆ. ದಯಮಾಡಿ ಹಾಕ್ಬೇಡಿ. ಇಷ್ಟೇ ಹೇಳ್ಲಿಕ್ಕೆ ಬಂದದ್ದು."

 ಜೋರಾಗಿ ಚಪ್ಪಾಳೆ. ಸಭೆಯ ಅಧ್ಯಕ್ಷರು ಎದ್ದು, "ಇಷ್ಟು ದೊಡ್ಡ ಸಾಧನೆ ಮಾಡಿಯೂ ನಾನು ತಪ್ಪಿದೆ ಎನ್ನುವ ಈ ವಿನಯ ಇಂದಿನ ಪೀಳಿಗೆಗೆ ಮಾದರಿ" ಎಂದರು.

"ವಿನಯ ಅಲ್ಲ ಮಾರಾಯ್ರೇ, ತಪ್ಪು!" ಎಂದರು ಟೀಚರ್. ಇನ್ನಷ್ಟು ಚಪ್ಪಾಳೆ.

ಇಂಜಿನಿಯರು ಹತ್ತಿರ ಬಂದು ಮೆಲ್ಲಗೆ, "ಟೀಚರ್, ಡ್ರಾಯಿಂಗ್ ಪಾಸಾಗಿದೆ. ಬಾಗಿಲು ಬಂದು ಲಾರಿಯಲ್ಲಿ ಉಂಟು. ನಾವು ಬೈಲಿನವರನ್ನೂ ಕೇಳಿದ್ದೇವೆ. ಟೀಚರ್ ಹೇಳಿದ ಹಾಗೆಯೇ ಅಂತ ಎಲ್ಲರೂ ಹೇಳಿದ್ರು" ಎಂದರು.

ಟೀಚರ್ ಮೈಕು ಬಿಟ್ಟು ಬೈಲಿನವರ ಕಡೆಗೆ ತಿರುಗಿದರು. "ಹೌದಾ? ಹಾಗೆ ಹೇಳಿದ್ದು ಯಾರು? ಚೌತಿಯ ನಂತರ ನಿಮ್ಮ ಗದ್ದೆಗೆ ನೀರು ಎಲ್ಲಿಂದ ಬರ್ತದೆ?"

ಮುಂದಿನ ಸಾಲಿನ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು, "ನಮಗೆಂತ ಗೊತ್ತುಂಟು ಟೀಚರ್? ನೀವು ಕಲಿತವರು. ನೀವು ಹೇಳಿದ್ದೇ ಸರಿ" ಎಂದರು.

"ಮೊದಲು ಹೇಳಿದ್ದು ಸರಿಯಾ, ಈಗ ಹೇಳಿದ್ದು ಸರಿಯಾ?"

ಅಜ್ಜಿ ಅಕ್ಕಪಕ್ಕ ನೋಡಿದರು. "ಎರಡೂ ಸರಿಯೇ ಟೀಚರ್."

ನನಗೆ ಆಗ ಹೊಳೆಯಿತು. ಇವರಿಗೆಲ್ಲ ಗೊತ್ತಿತ್ತು. ಹುಟ್ಟಿದಂದಿನಿಂದ ಆ ತೋಡಿನ ಬದಿಯಲ್ಲಿ ಇದ್ದವರಿಗೆ ಗೊತ್ತಿರದೆ ಹೇಗೆ? ತಮ್ಮ ಮಕ್ಕಳಿಗೆ ಕಲಿಸಿದ ಟೀಚರ್ ಏಣಿ ಹತ್ತಿ ಬರೆದ ಬಾಣವನ್ನು ತ‍ಪ್ಪೆಂದು ಹೇಳಲು ಇಡೀ ಬೈಲಿಗೆ ಬಾಯಿ ಬಂದಿರಲಿಲ್ಲ. ಈಗ ತಮ್ಮ ಗದ್ದೆಯೇ ಒಣಗುತ್ತದೆಂದರೂ ಬರುತ್ತಿಲ್ಲ. ನಮ್ಮ ಜನರ ಮರ್ಯಾದೆ ಎಂದರೆ ಹೀಗೆ, ಕತ್ತಿನವರೆಗೆ ನೀರು ಬಂದರೂ ಅತಿಥಿಗೆ ಕಾಲು ಒದ್ದೆಯಾಯಿತೇ ಎಂದು ಕೇಳುವಂಥದ್ದು. ನನಗೆ ಸಿಟ್ಟೂ ಬಂತು, ಭಯವೂ ಆಯಿತು.

ಟೀಚರಿಗೂ ಅದೇ ಹೊತ್ತಿಗೆ ಗೊತ್ತಾಗಿರಬೇಕು. ಅವರ ಸ್ವರ ಅಂಗಳದ ಆಚೆಗೆ ಕೇಳುವಷ್ಟು ದೊಡ್ಡದಾಯಿತು. "ನನ್ನ ಮುಖ ನೋಡ್ಬೇಡಿ! ನಿಮ್ಮ ಗದ್ದೆ ನೋಡಿ, ನಿಮ್ಮ ಬಾವಿ ನೋಡಿ! ನೀವು ನನ್ನ ಮುಲಾಜಿಗೆ ಸುಮ್ಮನೆ ಕೂತ್ರೆ ಆ ಬಾಗಿಲು ಹಾಕಿಯೇ ಹಾಕ್ತಾರೆ. ಯಾರಾದ್ರೂ ಒಬ್ರು ಎದ್ದು ಹೇಳಿ, ಟೀಚರ್ ನೀವು ತಪ್ಪು ಅಂತ!"

ಯಾರೂ ಎದ್ದೇಳಲಿಲ್ಲ. ಟೀಚರ್ ಸಾಲಿನಿಂದ ಸಾಲಿಗೆ ಮುಖಗಳನ್ನು ನೋಡುತ್ತ ನಿಂತರು. ಪರೀಕ್ಷೆಯ ದಿನ ಮಕ್ಕಳು ಡೆಸ್ಕು ನೋಡುವ ಹಾಗೆ ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಹಿಂದಿನಿಂದ ಒಬ್ಬ ಎದ್ದ. ದಿನೇಶ, ನಮ್ಮ ಹಳೆಯ ವಿದ್ಯಾರ್ಥಿ, ಈಗ ಬೈಲಿನಲ್ಲಿ ಟಿಲ್ಲರ್ ಇಟ್ಟುಕೊಂಡು ಎಲ್ಲರ ಗದ್ದೆ ಉಳುವವನು.

"ಟೀಚರ್, ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ರಿ. ದೊಡ್ಡಮದಗ, ಸಣ್ಣಮದಗದ ನಡುವೆ ನೀರು ಯಾವ ದಿಕ್ಕಿಗೆ ಹರಿಯುತ್ತದೆ ಅಂತ. ನಾನು ಮಳೆ ಹಿಡಿದಾಗ ಮೂಡಕ್ಕೆ, ಮಳೆ ಬಿಟ್ಟ ಮೇಲೆ ಪಡುವಿಗೆ ಅಂತ ಬರೆದಿದ್ದೆ."

"ನಾನು ಎಂತ ಮಾಡಿದೆ?"

"ಕೆಂಪು ಗೆರೆ ಎಳೆದು, ಊಹಿಸಿ ಬರೆಯಬೇಡ ಅಂತ ಬರೆದ್ರಿ."

"ಮತ್ತೆ ನೀನು ಯಾಕೆ ಬಂದು ಹೇಳ್ಲಿಲ್ಲ?"

"ಅಪ್ಪನ ಹತ್ತಿರ ಹೇಳಿದೆ ಟೀಚರ್. ನೀರು ನೀನು ಬರೆದ ಹಾಗೆಯೇ ಹೋಗುದು, ಆದ್ರೆ ಟೀಚರ್ ಹತ್ತಿರ ವಾದ ಮಾಡ್ಬೇಡ, ಅವರಿಗೆ ಬೇಜಾರಾಗ್ತದೆ ಅಂತ ಅಪ್ಪ ಹೇಳಿದ್ರು."

"ಈಗ ಹೇಳು. ನಾನು ಹೇಳಿದ್ದು ತಪ್ಪು ಅಂತ. ಗಟ್ಟಿಯಾಗಿ."

ದಿನೇಶ ಎರಡು ಸಲ ಬಾಯಿ ತೆರೆದು ಮುಚ್ಚಿದ.  ಕೊನೆಗೆ ಎರಡೂ ಕೈ ಜೋಡಿಸಿ, ಕ್ಷಮೆ ಕೇಳುವವನ ಹಾಗೆ ನಿಂತು, "ಟೀಚರ್, ನೀವು ಹೇಳಿದ್ದು ತಪ್ಪು" ಎಂದ.

"ಸರಿ. ಕೂತ್ಕೋ" ಎಂದರು ಟೀಚರ್, ತರಗತಿಯಲ್ಲಿ ಹೇಳುತ್ತಿದ್ದ ಸ್ವರದಲ್ಲೇ.

ಅಷ್ಟಾದದ್ದೇ ತಡ, ಅಜ್ಜಿ ಎದ್ದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಚೌತಿಯ ನಂತರ ತೋಡಿಗೆ ಎಷ್ಟು ನೀರು, ಯಾವ ಗದ್ದೆಗೆ ಮೊದಲು, ಯಾರ ಬಾವಿಯ ಒರತೆ ಯಾವಾಗ ಏರುತ್ತದೆ, ಎಲ್ಲ ಒಟ್ಟಿಗೆ ಹೇಳತೊಡಗಿದರು. ಇಷ್ಟು ವರ್ಷ ಬಾಯಿ ಕಟ್ಟಿಕೊಂಡವರಿಗೆ ಈಗ ನಿಲ್ಲಿಸಲು ಬರುತ್ತಿರಲಿಲ್ಲ. ಇಂಜಿನಿಯರು ಒಳ್ಳೆಯವರು. ಸಂಜೆಯವರೆಗೆ ಕೂತು ಕೇಳಿದರು, ಮರುದಿನ ಬೈಲಿನವರ ಜೊತೆ ಕಾಲುವೆಗೆ ಹೋಗಿ ಮಟ್ಟ ಅಳೆದರು. ಲಾರಿಯ ಬಾಗಿಲು ಲಾರಿಯಲ್ಲೇ ವಾಪಸು ಹೋಯಿತು. ಈಗ ಅಲ್ಲಿ ಬರೀ ಒಂದು ಮೋರಿ ಉಂಟು, ನೀರು ತನಗೆ ಬೇಕಾದ ಕಡೆಗೆ ಹೋಗುತ್ತದೆ. ದೋಣಿವಿಹಾರ ವರ್ಷದಲ್ಲಿ ಅರ್ಧ ಮಾತ್ರ. ಬೈಲಿನಲ್ಲಿ ಸುಗ್ಗಿ ಪೂರ್ತಿ.

ಆ ಸಂಜೆ ಕಾಪುವಿನ ಬಸ್ಸಿಗೆ ಹತ್ತಿಸಲು ಹೋದಾಗ ಟೀಚರ್ ನಿಲ್ದಾಣದ ಬೆಂಚಿನ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನನ್ನೊಬ್ಬಳ ಮನಸ್ಸು ನೋಯ್ಬಾರ್ದು ಅಂತ ಇಡೀ ಬೈಲು ಸುಳ್ಳು ಹೇಳಿತಲ್ಲ ಮಾಷ್ಟ್ರೇ. ನಾಚಿಕೆ ಆಗ್ತದೆ. ಸಂತೋಷವೂ ಆಗ್ತದೆ. ಎಂತ ಮಾಡುದು?" ಎಂದರು.  ಅವರ ಪಕ್ಕದಲ್ಲಿ ಕೂತೆ. ಅಷ್ಟು ವರ್ಷ ಎದುರಿನ ಮೇಜಿನಲ್ಲಿ ಕೂತು ಕೀಟಲೆ ಮಾಡಿದ ನನಗೆ ಆ ಹೊತ್ತು ಅವರ ಮೇಲೆ ಹುಟ್ಟಿದ ಗೌರವವನ್ನು ಹೇಳಿಕೊಳ್ಳಲು ಆಗಲಿಲ್ಲ. ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ಸುಲಿದುಕೊಟ್ಟೆ.

ಎರ್ಮಾಳಿನಲ್ಲಿ ಅವರ ಬೊಜ್ಜದ ದಿನ, ಉತ್ತರಕ್ರಿಯೆಯ ಊಟದ ಹೊತ್ತಿಗೆ, ಮನೆಯ ಮುಂದೆ ಒಂದು ಪಿಕಪ್ ಬಂದು ನಿಂತಿತು. ದಿನೇಶ ಇಳಿದ, ಅಜ್ಜಿಯನ್ನು ಕೈಹಿಡಿದು ಇಳಿಸಿದ. ಹಿಂದಿನಿಂದ ಬೈಲಿನ ಹೆಂಗಸರು, ಗಂಡಸರು. ಒಳಗೆ ಬರಲು ಸಂಕೋಚಪಟ್ಟು ಚಪ್ಪರದ ಅಂಚಿನಲ್ಲಿ ನಿಂತರು. ಟೀಚರ ಅಕ್ಕನಿಗೆ ಅವರ ಪರಿಚಯವಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು, "ನೀವೆಲ್ಲ ಎಲ್ಲಿಯವರು? ಶಾಲೆಯವರಾ?" ಎಂದು ತುಳುವಿನಲ್ಲಿ ಕೇಳಿದರು.

ಅಜ್ಜಿಯೇ ಉತ್ತರ ಕೊಟ್ಟರು. "ಅಲ್ಲ ಮಗಾ, ನಾವು ಟೀಚರ್ ಹತ್ತಿರ ನೀವು ತಪ್ಪು ಅಂತ ಹೇಳಿದವರು."

ಸಾವಿನ ಮನೆಯಲ್ಲಿ ಇದೆಂಥ ಮಾತು ಎಂದು ಚಪ್ಪರದಲ್ಲಿದ್ದ ನೆಂಟರೆಲ್ಲ ತಿರುಗಿ ನೋಡಿದರು. ನಾನು ಎದ್ದು ಸಮಜಾಯಿಷಿ ಹೇಳಲು ಹೊರಟೆ. ಅದರ ಅಗತ್ಯ ಬೀಳಲಿಲ್ಲ. ಅಕ್ಕ ಅಜ್ಜಿಯ ಎರಡೂ ಕೈ ಹಿಡಿದುಕೊಂಡಿದ್ದರು.

"ಅವರಾ ನೀವು? ಹೇಳಿ ಹೇಳಿ ನನ್ನ ತಲೆ ತಿಂದಿದ್ದಾಳೆ ಅವಳು. ಅಲ್ಲಿ ಯಾಕೆ ನಿಂತದ್ದು? ಒಳಗೆ ಬನ್ನಿ. ಮೊದಲ ಪಂಕ್ತಿಯಲ್ಲಿ ನೀವೇ ಕೂತ್ಕೊಳ್ಬೇಕು."